ಏಳಕ್ಕೋ ಮೂರಕ್ಕೋ

ಪೋರ್ಟ್ ಆಗಸ್ಟಾದಲ್ಲಿ ಜನವರಿ. ಹೊರಗೆ ನಲವತ್ತನಾಲ್ಕು ಡಿಗ್ರಿ.
ಒಳಗೆ, ಫ್ರಿಜ್ಜಿನಲ್ಲಿ, ಹಾಲು ಒಡೆದಿದೆ.
ಸೌತೆಕಾಯಿ ಬೆವರುತ್ತಿದೆ. ಬೆಣ್ಣೆಗೆ ಬೆರಳಿಟ್ಟರೆ
ಬೆರಳು ಮುಳುಗುತ್ತದೆ.
ಮೇಲೆ ಫ್ರೀಜರಿನಲ್ಲಿ ಮಾತ್ರ ಬಟಾಣಿ ಕಲ್ಲು.

ಮೂರು ದಿನದಿಂದ ಒಳಗಿನ ತಿರುಗಣೆಗಾಗಿ ಯುದ್ಧ.
ಗುರುಪಾದ ಏಳಕ್ಕೆ ತಿರುವುತ್ತಾನೆ;
ಅವನು ಡ್ಯೂಟಿಗೆ ಹೋದಮೇಲೆ ನಾನು ಮೂರಕ್ಕೆ.
ಬಾಯಿಬಿಟ್ಟು ಯಾರೂ ಏನೂ ಹೇಳುವುದಿಲ್ಲ.
ಮಾತು ನಿಂತದ್ದು ಫ್ರಿಜ್ಜು ಕೆಡುವ ಮೊದಲೋ ಆಮೇಲೋ
ಈಗ ನೆನಪಿಲ್ಲ.
ನನ್ನನ್ನು ಕೇಳದೆ ಅವನೇ ತಂದದ್ದು, ಯಾರದೋ ಗ್ಯಾರೇಜಿನ ಮುಂದಿಂದ,
ತೊಂಬತ್ತು ಡಾಲರಿಗೆ.
"ಗುಂಯ್ ಅಂತದಲ್ಲ, ಇನ್ನೇನು ಬೇಕು?" ಅಂದಿದ್ದ.
ಗುಂಯ್ ಈಗಲೂ ಅನ್ನುತ್ತದೆ.

ಪಕ್ಕದ ಮನೆಯ ಜಮ್ಮಿತ್ ಬಂದ.
ಮಾಲ್ಟಾದಿಂದ ಹಡಗು ಹತ್ತಿ ಬಂದ ಮುದುಕ,
ರೈಲ್ವೆ ವರ್ಕ್‌ಶಾಪಿಗೆ ಎರಡೂ ಕಿವಿ ಕೊಟ್ಟು ನಿವೃತ್ತನಾದವನು.
ಕೇಳಿಸದು; ಅಂಗೈ ಇಡುತ್ತಾನೆ
ಫ್ರಿಜ್ಜಿನ ಪಕ್ಕೆಗೆ, ಮಗುವಿನ ಜ್ವರ ನೋಡುವವರ ಹಾಗೆ.
"ಓಡುತ್ತಿದೆ" ಎಂದ. "ಓಡಿ ಓಡಿ ಸುಸ್ತಾಗಿದೆ, ಪಾಪ."

ಗೋಡೆಯಿಂದ ಎಳೆದೆವು. ಹಿಂದಿನ ಸುರುಳಿ ಕೊಳವೆಯ ತುಂಬ
ಯಾವುದೋ ಹಳೆಯ ಮನೆಯ ಧೂಳು, ನಾಯಿಕೂದಲು,
ಒಂದು ಚೆಸ್ ಕುದುರೆ.
ಬ್ರಷ್ಷಿನಿಂದ ಉಜ್ಜಿದರೆ ಇಬ್ಬರಿಗೂ ಸೀನು.
ಆಮೇಲೆ ಕಿಸೆಯಿಂದ ಐದು ಡಾಲರಿನ ನೋಟು ತೆಗೆದು
ಬಾಗಿಲಿಗೆ ಸಿಕ್ಕಿಸಿ, ಮುಚ್ಚಿ, ಎಳೆದ.
ಮೇಲೆ ಬಿಗಿ. ನಡುವೆ ಬಿಗಿ.
ಕೆಳಗಿನ ಮೂಲೆಯಲ್ಲಿ ಸುಮ್ಮನೆ ಜಾರಿ ಬಂತು ನೋಟು,
ನಾಚಿಕೆಯೂ ಇಲ್ಲದೆ.

ಅಲ್ಲಿಂದಲೇ, ಇಷ್ಟು ದಿನ, ಯಾರಿಗೂ ಕಾಣದಂತೆ
ಬಿಸಿಗಾಳಿ ಒಳಗೆ ನುಸುಳಿ, ಹನಿಯಾಗಿ, ಹನಿ ಹೆಪ್ಪಾಗಿ,
ಹಿಂಬದಿಯ ಗಾಳಿಕಿಂಡಿಗೆ ಗೋಡೆ ಕಟ್ಟಿತ್ತು.
ಪುಟ್ಟ ಫ್ಯಾನು ಅದರೊಳಗೆ ಹುಗಿದುಹೋಗಿದೆ.
ಮೇಲೆ ಚಳಿ ತುಂಬಿ ಬಿರಿಯುತ್ತಿದ್ದರೂ
ಕೆಳಗಿಳಿಯಲು ದಾರಿಯಿಲ್ಲ.

ರಬ್ಬರು ಪಟ್ಟಿಗೆ ನನ್ನ ಹೇರ್ ಡ್ರೈಯರಿನ ಬಿಸಿ ತೋರಿಸಿ,
ನೀವಿ, ವ್ಯಾಸಲೀನ್ ಸವರಿ, ಬೆರಳೆತ್ತಿದ:
"ಚಾಕು ಹಾಕಿ ಕೆತ್ತಬೇಡಿ. ಕೆತ್ತಿದವರೆಲ್ಲ
ಕೊಳವೆ ತೂತು ಮಾಡಿ ಹೊಸ ಫ್ರಿಜ್ಜು ತಂದಿದ್ದಾರೆ.
ಆರಿಸಿ. ಬಾಗಿಲು ತೆರೆದಿಡಿ. ಒಂದು ದಿನ ಕಾಯಿರಿ."
ಎಷ್ಟು ಕೊಡಲಿ ಎಂದರೆ ಕಿವಿ ತೋರಿಸಿ ನಕ್ಕ.

ರಾತ್ರಿ. ಟವೆಲ್ಲು ಹಾಸಿದ ಅಡುಗೆಮನೆ.
ಒಂದು ವರ್ಷದಲ್ಲಿ ಮೊದಲ ಸಲ ಗುಂಯ್ ಇಲ್ಲ.
ಟಪ್.
ಬಹಳ ಹೊತ್ತು ಏನೂ ಇಲ್ಲ. ಟಪ್ ಟಪ್.
ಕೆಡುವ ಮೊದಲು ತಿನ್ನಬೇಕಾದದ್ದೆಲ್ಲ ಮೇಜಿನ ಮೇಲೆ:
ಅರ್ಧ ಬೆಲೆಗೆ ತಂದ ಬ್ರೆಡ್ಡು, ಹೆಸರು ಬರೆಯದ ಡಬ್ಬಿಗಳು,
ಪಾಯಸವಾಗುತ್ತಿರುವ ಮಾವಿನ ಐಸ್‌ಕ್ರೀಮು.
ಗುರುಪಾದ ಎರಡು ಚಮಚ ತಂದ.
ಒಂದನ್ನು ನನ್ನ ಕಡೆ ತಳ್ಳಿದ.

"ನಮ್ಮಜ್ಜಿ ಇದಕ್ಕ ತಂಗಳ ಪೆಟ್ಟಿಗಿ ಅಂತಿದ್ಲು," ಎಂದ
ಐಸ್‌ಕ್ರೀಮಿಗೇ ಹೇಳುವಂತೆ. "ಮುಟ್ತಿರಲಿಲ್ಲ.
ಹರವಿಗೆ ಹಸಿ ಅರಿವಿ ಸುತ್ತಿ, ಕಿಟಕಿಯಾಗ..."
"ಎಷ್ಟಕ್ಕೆ ತಿರುವುತ್ತಿದ್ದಳು ಹರವಿನ? ಏಳಕ್ಕೋ, ಮೂರಕ್ಕೋ?"
ಮೊದಲು ಅವನು ನಗಲಿಲ್ಲ.
ಆಮೇಲೆ ಮೂಗಿನಿಂದ ಐಸ್‌ಕ್ರೀಮು ಬಂತು.

ಎರಡು ಗಂಟೆಗೆ ಒಳಗೆಲ್ಲೋ ಮಂಜಿನ ಹಲಗೆ ಕಳಚಿ
ಕಳ್ಳ ಬಿದ್ದ ಹಾಗೆ ಬಿತ್ತು.
ಇಬ್ಬರೂ ಒಟ್ಟಿಗೇ ಬೆಚ್ಚಿ "ಯವ್ವಾ!" ಅಂದೆವು.
ಈ ಊರಿನಲ್ಲಿ ಹಾಗೆ ಬೆಚ್ಚುವವರು ನಾವಿಬ್ಬರೇ.

ಮರುದಿನ ಸಂಜೆ ಹಾಕಿದ ಸ್ವಿಚ್ಚು. ರಾತ್ರಿಯಿಡೀ
ಲೋಟದ ನೀರಿನಲ್ಲಿ ನಿಲ್ಲಿಸಿಟ್ಟ ಥರ್ಮಾಮೀಟರು
ಬೆಳಿಗ್ಗೆ ನಾಲ್ಕು ಡಿಗ್ರಿ ತೋರಿಸುತ್ತಿದೆ.
ತಿರುಗಣೆಯೂ ನಾಲ್ಕರಲ್ಲಿದೆ. ನಾನಂತೂ ಇಟ್ಟದ್ದಲ್ಲ.
ಬಾಗಿಲಿಗೆ ಅಂಗೈ ಇಟ್ಟು, ಮುತ್ತೈದೆಯ ಹಾಗೆ,
"ಹೊಟ್ಟೆ ತಣ್ಣಗಿರಲಿ" ಅಂದೆ. ಗುಂಯ್ ಅಂದಿತು.

ಕೆಳಗಿನ ಮೂಲೆಯಲ್ಲಿ ಜಮ್ಮಿತ್‌ನ ನೋಟು
ನಾಲಿಗೆ ಚಾಚಿಕೊಂಡು ಇನ್ನೂ ಅಲ್ಲೇ ಇದೆ.
ಎಳೆದರೆ ಬರುತ್ತಿಲ್ಲ.
ನಾನೂ ಅಷ್ಟು ಜೋರಾಗಿ ಎಳೆದಿಲ್ಲ.